ವೇಪ್ ಅಂಗಡಿ, ಪೊಲೀಸ್ ಠಾಣೆ ಮತ್ತು ಎಂಪಿಗೊಂದು ಪತ್ರ

ಈ ಸಲ ಬಂದ ಪತ್ರ, ಮೆಸೇಜುಗಳಲ್ಲಿ ಅರ್ಧಕ್ಕರ್ಧ ಒಂದೇ ವಿಷಯ: ಇ-ಸಿಗರೇಟು, ಅಂದರೆ ಬ್ಯಾಟರಿಯಲ್ಲಿ ದ್ರವ ಬಿಸಿಮಾಡಿ ಆವಿ ಸೇದುವ ವೇಪ್. ಬೇಡ ಅನ್ನುವವರೂ ಬರೆದಿದ್ದಾರೆ, ಬೇಕು ಅನ್ನುವವರೂ ಬರೆದಿದ್ದಾರೆ. ಎಂಪಿಗೆ, ಎಮ್ಮೆಲ್ಲೆಗೆ ಬರೆಯುವುದು ಹೇಗೆ, ಬರೆದರೆ ಏನಾದರೂ ಆಗುತ್ತಾ ಅಂತ ಇಬ್ಬರೂ ಕೇಳಿದ್ದಾರೆ. ಹಾಗಾಗಿ ಬಾಡಿಗೆ ಕರಾರು, ಪಿಎಫ್, ಸೊಸೈಟಿ ಜಗಳದ ಪ್ರಶ್ನೆಗಳನ್ನೆಲ್ಲ ಮುಂದಿನ ಸಂಚಿಕೆಗೆ ತಳ್ಳಿದ್ದೇನೆ. ಬೈಯಬೇಡಿ.

ಪ್ರಶ್ನೆ: ಅಕ್ಕ, ನನ್ನ ಮಗ ಒಂಬತ್ತನೇ ಕ್ಲಾಸು. ಅವನ ಬ್ಯಾಗಿನಲ್ಲಿ ಹೈಲೈಟರ್ ಪೆನ್ನಿನಂಥದ್ದು ಸಿಕ್ಕಿತು. ಮಾವಿನಹಣ್ಣಿನ ವಾಸನೆ. ಪೆನ್ನೇ ಅಂದುಕೊಂಡು ಕ್ಯಾಪ್ ತೆಗೆಯಲು ಹೋದರೆ ಬರಲಿಲ್ಲ, ತಿರುಗಿಸಿ ನೋಡಿದರೆ ಅಡಿಯಲ್ಲಿ ಚಾರ್ಜ್ ಮಾಡುವ ತೂತು! ಟ್ಯೂಷನ್ ಕ್ಲಾಸಿನ ಪಕ್ಕದ ಅಂಗಡಿಯಲ್ಲಿ ಸಿಗುತ್ತದಂತೆ, ಹುಡುಗರು ದುಡ್ಡು ಕೂಡಿಸಿ ಒಂದು ತಗೊಂಡು ಸರದಿ ಮೇಲೆ ಸೇದುತ್ತಾರಂತೆ. ನಮ್ಮ ಸೊಸೈಟಿಯ ಹೆಂಗಸರೆಲ್ಲ ಸೇರಿ ಇದನ್ನು ಬ್ಯಾನ್ ಮಾಡಿ ಅಂತ ಎಂಪಿಗೆ ಸಹಿ ಹಾಕಿದ ಪತ್ರ ಕೊಡಬೇಕು ಅಂತಿದ್ದೇವೆ. ಏನಂತ ಬರೆಯಬೇಕು?
ಒಬ್ಬ ತಾಯಿ, ಮುಲುಂಡ್

ಉತ್ತರ: ತಂಗೀ, ಆ ಪತ್ರ ಕೊಟ್ಟರೆ ಎಂಪಿಯ ಪಿ.ಎ. ನಗುನಗುತ್ತಾ ತಗೊಂಡು ಫೈಲಿಗೆ ಸೇರಿಸಿ ಮರೆತುಬಿಡುತ್ತಾನೆ. ಯಾಕೆಂದರೆ ಇದು ಬ್ಯಾನ್ ಆಗಿ ವರ್ಷಗಳೇ ಆದವು. 2019ರ ಸೆಪ್ಟೆಂಬರ್ 18ರಂದು ಕೇಂದ್ರ ಸರ್ಕಾರ ಸುಗ್ರೀವಾಜ್ಞೆ ತಂದಿತು. ಅದೇ ವರ್ಷ ಡಿಸೆಂಬರ್‌ನಲ್ಲಿ ಅದು ಕಾಯ್ದೆಯಾಯಿತು. ತಯಾರಿಕೆ, ಆಮದು, ರಫ್ತು, ಸಾಗಣೆ, ಮಾರಾಟ, ಹಂಚಿಕೆ, ದಾಸ್ತಾನು, ಜಾಹೀರಾತು ಎಲ್ಲವೂ ಅಪರಾಧ, ಆನ್‌ಲೈನ್ ಮಾರಾಟವೂ ಸೇರಿ. "ಇದರಲ್ಲಿ ನಿಕೋಟಿನ್ ಇಲ್ಲ, ಬರೀ ಫ್ಲೇವರ್" ಅಂತ ಅಂಗಡಿಯವನು ಹಲ್ಲು ಕಿರಿದರೆ ನಂಬಬೇಡಿ, ನಿಕೋಟಿನ್ ಇದ್ದರೂ ಇಲ್ಲದಿದ್ದರೂ ಕಾಯ್ದೆಗೆ ಎರಡೂ ಒಂದೇ. ಶಾಲೆಯಿಂದ 100 ಗಜ ದೂರ ಅನ್ನುವುದು ಸಿಗರೇಟು, ತಂಬಾಕಿನ ನಿಯಮ, 2003ರ ಕಾಯ್ದೆಯದ್ದು. ವೇಪ್‌ಗೆ ಗಜಗಿಜದ ಲೆಕ್ಕವೇ ಇಲ್ಲ. ಎಲ್ಲಿ ಮಾರಿದರೂ ತಪ್ಪು.

ಹಾಗಾಗಿ ನಿಮ್ಮ ಮೊದಲ ಪತ್ರ ಎಂಪಿಗಲ್ಲ, ಪೊಲೀಸ್ ಠಾಣೆಗೆ. ಮಾರುವವನಿಗೆ ಮೊದಲ ಸಲ ಸಿಕ್ಕಿಬಿದ್ದರೆ 1 ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಮತ್ತೆ ಸಿಕ್ಕಿಬಿದ್ದರೆ 3 ವರ್ಷದವರೆಗೆ ಜೈಲು, ಜೊತೆಗೆ 5 ಲಕ್ಷದವರೆಗೆ ದಂಡ. ಮಾರಾಟದ ಅಪರಾಧಕ್ಕೆ ಪೊಲೀಸರು ಕೋರ್ಟಿನ ಅಪ್ಪಣೆಗೆ ಕಾಯದೆ ಎಫ್‌ಐಆರ್ ಹಾಕಬಹುದು. ಅಂಗಡಿ ಶೋಧಿಸಿ ಮಾಲು ಜಪ್ತಿ ಮಾಡಲು ಸಬ್ ಇನ್ಸ್‌ಪೆಕ್ಟರ್ ದರ್ಜೆಯವರಾದರೂ ಬೇಕು. ಆದ್ದರಿಂದ ನಾಕಾದಲ್ಲಿ ನಿಂತ ಹವಾಲ್ದಾರನ ಹತ್ತಿರ ಗೊಣಗಿ ಬಂದರೆ ಏನೂ ಆಗುವುದಿಲ್ಲ. ಠಾಣೆಯ ಸೀನಿಯರ್ ಇನ್ಸ್‌ಪೆಕ್ಟರ್ ಹೆಸರಿಗೇ ಬರೆದುಕೊಡಿ. ಅಂಗಡಿ ಎಲ್ಲಿದೆ, ಯಾವ ಹೊತ್ತಿಗೆ ಮಾರುತ್ತಾರೆ, ಯಾವ ವಯಸ್ಸಿನ ಮಕ್ಕಳು ಬರುತ್ತಾರೆ, ಇಷ್ಟಿದ್ದರೆ ಸಾಕು. ಹದಿನೆಂಟು ತುಂಬದ ಮಗುವಿಗೆ ಅಮಲು ಪದಾರ್ಥ, ತಂಬಾಕು ಪದಾರ್ಥ ಕೊಡುವವರಿಗೆ 2015ರ ಬಾಲನ್ಯಾಯ ಕಾಯ್ದೆಯ 77ನೇ ಕಲಮಿನಲ್ಲಿ 7 ವರ್ಷದವರೆಗೆ ಜೈಲಿದೆ. ಆ ಕಲಮನ್ನೂ ದೂರಿನಲ್ಲಿ ಹೆಸರಿಸಿ, ಹಾಕುವುದು ಬಿಡುವುದು ಪೊಲೀಸರಿಗೆ ಸೇರಿದ್ದು. ಠಾಣೆಯಲ್ಲಿ ದೂರು ತಗೊಳ್ಳಲೇ ಇಲ್ಲವಾ? ಅದೇ ದೂರನ್ನು ಡಿಸಿಪಿಗೆ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿ, ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು ಅದಕ್ಕೆ ದಾರಿ ಕೊಡುತ್ತದೆ.

ಇನ್ನೊಂದು ಮಾತು, ಇದು ಬಹಳ ಜನಕ್ಕೆ ಗೊತ್ತಿಲ್ಲ. ಆ ಅಂಗಡಿಯ ಗಾಳಾ, ಅಂದರೆ ಅಂಗಡಿ ಇರುವ ಜಾಗ, ಯಾರದ್ದು ಅಂತ ವಿಚಾರಿಸಿ. ಗೊತ್ತಿದ್ದೂ ತನ್ನ ಜಾಗದಲ್ಲಿ ಇ-ಸಿಗರೇಟಿನ ದಾಸ್ತಾನು ಇಡಲು ಬಿಟ್ಟ ಮಾಲೀಕನೂ ತಪ್ಪಿತಸ್ಥನೇ, 6 ತಿಂಗಳವರೆಗೆ ಜೈಲು ಅಥವಾ 50,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಮುಂಬಯಿಯಲ್ಲಿ ಎಷ್ಟೋ ಗಾಳಾಗಳು ಮಾಲೀಕರು ಬಾಡಿಗೆಗೆ ಬಿಟ್ಟಿರುವಂಥವು. ಅಂಗಡಿಯವನು ಹೆದರದೇ ಇರಬಹುದು. ಮಾಲೀಕನಿಗೆ ಸೊಸೈಟಿ ಲೆಟರ್‌ಹೆಡ್ಡಿನಲ್ಲಿ ಒಂದು ಪತ್ರ ಹೋಗಲಿ, "ನಿಮ್ಮ ಜಾಗದಲ್ಲಿ ಹೀಗೆ ನಡೆಯುತ್ತಿದೆ, ನಿಮ್ಮ ಗಮನಕ್ಕೆ ತಂದಿದ್ದೇವೆ" ಅಂತ. ಆಮೇಲೆ ನನಗೆ ಗೊತ್ತೇ ಇರಲಿಲ್ಲ ಅನ್ನುವ ಹಾಗಿಲ್ಲ ಅವನು.

ಈಗ ಎಂಪಿ. ಮುಲುಂಡ್ ಬರುವುದು ಈಶಾನ್ಯ ಮುಂಬಯಿ ಲೋಕಸಭಾ ಕ್ಷೇತ್ರಕ್ಕೆ. ಎಂಪಿ ಬಂದು ಅಂಗಡಿ ಮುಚ್ಚಿಸಲಿ ಅಂತ ಕಾಯಬೇಡಿ, ಅದು ಅವರ ಕೆಲಸವಲ್ಲ. ಮಂತ್ರಿಯನ್ನು ಪ್ರಶ್ನೆ ಕೇಳುವುದು ಅವರ ಕೆಲಸ. ಪತ್ರ ಇಷ್ಟೇ ಇರಲಿ:

"ಮಾನ್ಯ ಸಂಸದರೇ, ನಾವು ನಿಮ್ಮ ಕ್ಷೇತ್ರದ ಮತದಾರರು, ಇಂಥ ಸೊಸೈಟಿಯ ನಿವಾಸಿಗಳು. 2019ರ ನಿಷೇಧ ಕಾಯ್ದೆ ಇದ್ದರೂ ನಮ್ಮ ರಸ್ತೆಯಲ್ಲಿ ಶಾಲಾ ಮಕ್ಕಳಿಗೆ ಇ-ಸಿಗರೇಟು ಮಾರುತ್ತಿದ್ದಾರೆ. ಇಂಥ ತಾರೀಕಿನಂದು ಪೊಲೀಸರಿಗೆ ದೂರು ಕೊಟ್ಟಿದ್ದೇವೆ, ನಕಲು ಲಗತ್ತಿಸಿದೆ. ನಮ್ಮ ಕೋರಿಕೆ ಒಂದೇ. ಕಾಯ್ದೆ ಬಂದ ಮೇಲೆ ಮಹಾರಾಷ್ಟ್ರದಲ್ಲಿ ಎಷ್ಟು ಕೇಸು ದಾಖಲಾಗಿವೆ, ಎಷ್ಟರಲ್ಲಿ ಶಿಕ್ಷೆಯಾಗಿದೆ, ಬಂದರು ಮತ್ತು ವಿಮಾನ ನಿಲ್ದಾಣಗಳಲ್ಲಿ ಎಷ್ಟು ಮಾಲು ಹಿಡಿದಿದ್ದಾರೆ ಎಂದು ಮುಂದಿನ ಅಧಿವೇಶನದಲ್ಲಿ ಸರ್ಕಾರವನ್ನು ಕೇಳಿ."

ಒಂದೇ ಹಾಳೆ. ಹೆಸರು, ವಿಳಾಸ, ಫೋನ್ ನಂಬರು, ಸಹಿ. ಇದರ ಜೊತೆ ಪಾರ್ಕಿಂಗು, ನೀರಿನ ಪ್ರೆಷರು, ಗಣಪತಿ ಮಂಡಲದ ಲೌಡ್‌ಸ್ಪೀಕರು ಯಾವುದನ್ನೂ ಸೇರಿಸಬೇಡಿ. ನಮ್ಮವರಿಗೆ ಈ ಚಟ ಜಾಸ್ತಿ, ಹೇಗೂ ಬರೀತಿದ್ದೇವಲ್ಲ ಅಂತ ಎಲ್ಲ ತುರುಕಿ ಕೊನೆಗೆ ಯಾವ ಕೆಲಸವೂ ಆಗುವುದಿಲ್ಲ. ಪ್ರಶ್ನೆಗೆ ಎಂಪಿ ಕಡಿಮೆಯೆಂದರೂ 15 ದಿನ ಮೊದಲು ನೋಟಿಸು ಕೊಡಬೇಕು, ಆಮೇಲೆ ಚೀಟಿ ಎತ್ತುತ್ತಾರೆ. ಹಾಗಾಗಿ ಬಜೆಟ್, ಮುಂಗಾರು, ಚಳಿಗಾಲ ಯಾವ ಅಧಿವೇಶನವೇ ಇರಲಿ, ಶುರುವಾಗುವ ತಿಂಗಳ ಮೊದಲೇ ಪತ್ರ ಅವರ ಕಚೇರಿಯಲ್ಲಿರಲಿ. ಸದನದಲ್ಲಿ ಎದ್ದು ನಿಂತು ಕೇಳುವ ನಕ್ಷತ್ರ ಗುರುತಿನ ಪ್ರಶ್ನೆ ಲೋಕಸಭೆಯಲ್ಲಿ ದಿನಕ್ಕೆ 20 ಮಾತ್ರ. ಬರಹದ ಉತ್ತರ ಸಿಗುವ ಪ್ರಶ್ನೆಗಳು 230. ಬರಹದ್ದೇ ಸಾಕು ಅಂತ ನೀವೇ ಹೇಳಿ, ಟಿವಿಯಲ್ಲಿ ಬರಲಿಕ್ಕಿಲ್ಲ, ಆದರೆ ಅಂಕಿಅಂಶ ಕಾಗದದ ಮೇಲೆ ಬರುತ್ತದೆ, ಅದು ಎಲ್ಲರಿಗೂ ಸಿಗುತ್ತದೆ.

ಮಗನ ವಿಷಯ. ಅವನನ್ನು ಠಾಣೆಗೆ ಎಳೆದುಕೊಂಡು ಹೋಗಬೇಡಿ. ಸೇದಿದವರಿಗೆ ಅಂತ ಪ್ರತ್ಯೇಕ ಶಿಕ್ಷೆಯನ್ನು ಈ ಕಾಯ್ದೆ ಬರೆದಿಲ್ಲ, ಅದು ಹಿಡಿಯಹೊರಟಿದ್ದು ಮಾರುವವರನ್ನು. ತಂಬಾಕು ಬಿಡಿಸುವ ರಾಷ್ಟ್ರೀಯ ಸಹಾಯವಾಣಿ ಇದೆ: 1800-11-2356, ದುಡ್ಡು ಬೀಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್, ಇಲ್ಲಿಯ ಟಾಟಾ ಮೆಮೋರಿಯಲ್ ಎರಡೂ ಈ ಜಾಲದಲ್ಲಿವೆ. ಮೊದಲು ನೀವೇ ಫೋನ್ ಮಾಡಿ ಮಾತಾಡಿ, ಆಮೇಲೆ ಹುಡುಗನ ಕೈಗೆ ಫೋನ್ ಕೊಡಿ. ಅವನಪ್ಪನಿಗೆ ಹೇಳುವುದೋ ಬಿಡುವುದೋ ಅಂತ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ಹೇಳಿ. ಬೆಲ್ಟ್ ತೆಗೆಯುವವರಾದರೆ ಮಾತ್ರ ಸ್ವಲ್ಪ ತಡೆದು ಹೇಳಿ.

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾನು ಹುಬ್ಬಳ್ಳಿ ಕಡೆಯವನು, ಪುಣೆಯ ಹಿಂಜವಡಿಯಲ್ಲಿ ಕೆಲಸ. ಕಂಪನಿ ಕೆಲಸಕ್ಕೆ ಇಂಗ್ಲೆಂಡಿನಲ್ಲಿದ್ದಾಗ ಸಿಗರೇಟು ಬಿಟ್ಟು ವೇಪ್‌ಗೆ ಬಂದೆ, ಕೆಮ್ಮು ಕಡಿಮೆಯಾಯಿತು. ಇಲ್ಲಿ ಪ್ರತಿ ಟಪರಿಯಲ್ಲಿ (ಬೀದಿಬದಿಯ ಗೂಡಂಗಡಿಯಲ್ಲಿ) ಸಿಗರೇಟು ಬಿಡಿಯಾಗಿ ಸಿಗುತ್ತದೆ, ಇದಕ್ಕೆ ಮಾತ್ರ ಜೈಲು! ಇದೆಂಥ ನ್ಯಾಯ? ಬ್ಯಾನ್ ತೆಗೆದು ನಿಯಮ ಮಾಡಿ ಅಂತ ಯಾರಿಗೆ ಬರೆಯಬೇಕು? ಬರೆದರೆ ಪೊಲೀಸರು ನನ್ನ ಹಿಂದೆ ಬೀಳುತ್ತಾರೇನು?

ಉತ್ತರ: ಕಾನೂನು ಬದಲಿಸಿ ಅಂತ ಕೇಳಿದ್ದಕ್ಕೆ ಯಾರೂ ಹಿಂದೆ ಬೀಳುವುದಿಲ್ಲ ತಮ್ಮಾ. ಅದು ನಿಮ್ಮ ಹಕ್ಕು. ಆದರೆ "ಬರುವಾಗ ನಾಲ್ಕು ಡಬ್ಬಿ ಸೂಟ್‌ಕೇಸಿನಲ್ಲಿ ತಂದಿದ್ದೇನೆ" ಅಂತ ಹುಮ್ಮಸ್ಸಿನಲ್ಲಿ ಬರೆದುಬಿಡಬೇಡಿ. ಆಮದಿಗೂ ನಿಷೇಧ ಇದೆ, ನಿಮ್ಮ ಪತ್ರವೇ ಸಾಕ್ಷಿಯಾಗುತ್ತದೆ.

ನಿಮ್ಮ ಸಿಟ್ಟಿಗೆ ಕಾರಣ ಇದೆ. 2016-17ರ ರಾಷ್ಟ್ರೀಯ ತಂಬಾಕು ಸಮೀಕ್ಷೆಯಲ್ಲಿ ದೇಶದ ವಯಸ್ಕರಲ್ಲಿ ಶೇ. 28.6 ಜನ ಒಂದಲ್ಲ ಒಂದು ಬಗೆಯ ತಂಬಾಕು ಬಳಸುತ್ತಿದ್ದರು. ಇ-ಸಿಗರೇಟು ಸೇದುತ್ತಿದ್ದವರು ಶೇ. 0.02. ಲೆಕ್ಕ ನೀವೇ ಹಾಕಿ. ಸಿಗರೇಟು, ಬೀಡಿಗೆ ಕೈ ಹಾಕಿದರೆ ಪಿರಿಯಾಪಟ್ಟಣ, ಹುಣಸೂರಿನ ತಂಬಾಕು ರೈತರು ಬೀದಿಗೆ ಬರುತ್ತಾರೆ, ನಿಪ್ಪಾಣಿ ಬರುತ್ತದೆ, ದಕ್ಷಿಣ ಕನ್ನಡದಲ್ಲಿ ಮನೆಮನೆಯಲ್ಲಿ ಮೊರ ಮಡಿಲಲ್ಲಿಟ್ಟು ಬೀಡಿ ಕಟ್ಟುವ ಹೆಂಗಸರು ಬರುತ್ತಾರೆ. ಸಿಗರೇಟು ಮಾಡುವ ಐಟಿಸಿಯಲ್ಲಿ ಸರ್ಕಾರಿ ವಿಮಾ ಕಂಪನಿ ಎಲ್‌ಐಸಿಗೇ ದೊಡ್ಡ ಪಾಲಿದೆ. ವೇಪ್‌ಗೆ ಇಲ್ಲಿ ಬೆಳೆಗಾರನೂ ಇರಲಿಲ್ಲ, ಕಟ್ಟುವವರೂ ಇರಲಿಲ್ಲ, ವೋಟೂ ಇರಲಿಲ್ಲ. ಒಂದು ದಿನ ಸುದ್ದಿಗೋಷ್ಠಿಯಲ್ಲಿ ನಿರ್ಮಲಾ ಸೀತಾರಾಮನ್ ಅವರು ಹೇಳಿದರು, ಬ್ಯಾನ್ ಆಯಿತು. ನವೆಂಬರ್ 27ಕ್ಕೆ ಲೋಕಸಭೆ, ಡಿಸೆಂಬರ್ 2ಕ್ಕೆ ರಾಜ್ಯಸಭೆ, ಮಸೂದೆ ಪಾಸು. ಮಸೂದೆಗಳನ್ನು ಪರಿಶೀಲಿಸುವ ಸಂಸತ್ತಿನ ಸ್ಥಾಯಿ ಸಮಿತಿಗೆ ಹೋಗಿದ್ದರೆ ಅವರು ಸಾರ್ವಜನಿಕರ ಅಭಿಪ್ರಾಯ ಕೇಳುತ್ತಿದ್ದರು, ನಿಮ್ಮಂಥವರಿಗೂ ನನ್ನಂಥವಳಿಗೂ ಒಂದು ಅವಕಾಶ ಸಿಗುತ್ತಿತ್ತು. ಆ ಅವಕಾಶ ಬರಲೇ ಇಲ್ಲ. ಬ್ಯಾನ್ ಸರಿಯೋ ತಪ್ಪೋ ಬೇರೆ ಮಾತು, ಇಷ್ಟು ಅವಸರದಲ್ಲಿ ಮಾಡಿದ್ದು ಚೆನ್ನಾಗಿರಲಿಲ್ಲ ಅಂತ ನನಗೆ ಅವತ್ತೂ ಅನ್ನಿಸಿತ್ತು, ಇವತ್ತೂ ಅನ್ನಿಸುತ್ತದೆ.

ಆದರೆ ಮೇಲೆ ಮುಲುಂಡ್ ತಾಯಿಯ ಪ್ರಶ್ನೆ ಓದಿದಿರಲ್ವಾ? ನೀವು ಬರೆದ ಕೂಡಲೇ ಎಂಪಿ ಎತ್ತುವ ಮೊದಲ ಮಾತು ಅದೇ, ಮಕ್ಕಳ ಗತಿ ಏನು ಅಂತ. ಅದಕ್ಕೆ ಉತ್ತರ ಪತ್ರದಲ್ಲೇ ಇರಬೇಕು. "ನಿಯಮ ಮಾಡಿ" ಅಂದರೆ ಯಾವ ನಿಯಮ? ಇಂಗ್ಲೆಂಡಿನಲ್ಲಿ ಹದಿನೆಂಟು ತುಂಬಿರಬೇಕು, ಒಂದು ಮಿಲಿಲೀಟರಿಗೆ 20 ಮಿಲಿಗ್ರಾಂಗಿಂತ ಜಾಸ್ತಿ ನಿಕೋಟಿನ್ ಇರಬಾರದು ಅಂತ ಮಿತಿ ಇದೆ. ಸೇದಿ ಬಿಸಾಡುವ ವೇಪ್‌ಗಳನ್ನು 2025ರ ಜೂನ್ 1ರಿಂದ ಅಲ್ಲೂ ನಿಲ್ಲಿಸಿದ್ದಾರೆ, ನೀವು ಬಂದ ಮೇಲೆ ಆಗಿದ್ದಿರಬಹುದು. ಆಸ್ಟ್ರೇಲಿಯಾದಲ್ಲಿ 2024ರಿಂದ ಔಷಧಿ ಅಂಗಡಿಯಲ್ಲಿ ಬಿಟ್ಟು ಬೇರೆಲ್ಲೂ ಮಾರುವ ಹಾಗಿಲ್ಲ. ಈ ಎರಡರಲ್ಲಿ ನಿಮಗೆ ಯಾವುದು ಬೇಕು? ನನ್ನನ್ನು ಕೇಳಿದರೆ ಟಪರಿಯಲ್ಲಿ ಚಿಕ್ಕಿಯ ಪಕ್ಕ ಮಾವಿನ ಫ್ಲೇವರಿನ ವೇಪ್ ಇಡುವುದಕ್ಕೆ ನಾನು ಯಾವತ್ತೂ ಒಪ್ಪಲ್ಲ. ಸಿಗರೇಟು ಬಿಡಲೇಬೇಕು ಅನ್ನುವವನಿಗೆ ಡಾಕ್ಟರು ಚೀಟಿ ಬರೆದು, ಮೆಡಿಕಲ್ ಶಾಪಿನವನು ರಿಜಿಸ್ಟರಿನಲ್ಲಿ ಹೆಸರು ಬರೆದುಕೊಂಡು ಕೊಡುವುದಾದರೆ ಮಾತಾಡಬಹುದು. 2019ರ ಕಾಯ್ದೆ ಒಂದು ಸಣ್ಣ ಬಾಗಿಲು ಬಿಟ್ಟಿದೆ: 1940ರ ಔಷಧ ಮತ್ತು ಪ್ರಸಾಧನ ಕಾಯ್ದೆಯಡಿ ಲೈಸೆನ್ಸ್ ಪಡೆದ ಉತ್ಪನ್ನಕ್ಕೆ ಈ ನಿಷೇಧ ತಾಗುವುದಿಲ್ಲ. ಇಡೀ ಕಾಯ್ದೆ ಕಿತ್ತುಹಾಕಿ ಅನ್ನುವುದಕ್ಕಿಂತ ಆ ಬಾಗಿಲಿನ ಬಗ್ಗೆ ಕೇಳುವ ಪತ್ರವನ್ನು ಓದುವವರು ಜಾಸ್ತಿ.

ಯಾರಿಗೆ ಅಂದರೆ ನಿಮ್ಮ ಎಂಪಿಗೆ, ಆರೋಗ್ಯ ಸಚಿವರಿಗೆ, ಮಹಾರಾಷ್ಟ್ರದ 19 ರಾಜ್ಯಸಭಾ ಸದಸ್ಯರಲ್ಲಿ ಈ ವಿಷಯದಲ್ಲಿ ಬಾಯಿ ಬಿಡುವಂಥವರಿಗೆ. ಎಮ್ಮೆಲ್ಲೆಗೆ ಬರೆದು ಅಂಚೆ ಖರ್ಚು ದಂಡ ಮಾಡಬೇಡಿ, ಸಂಸತ್ತು ಮಾಡಿದ ಕಾಯ್ದೆಯನ್ನು ವಿಧಾನಭವನದಲ್ಲಿ ಕುಳಿತು ಬದಲಿಸಲಾಗುವುದಿಲ್ಲ. ಇನ್ನೂ ಗಟ್ಟಿಯಾದ ದಾರಿ ಬೇಕಾದರೆ ಲೋಕಸಭೆಗೇ ಅರ್ಜಿ ಕೊಡಬಹುದು. ಅರ್ಜಿ ಸಮಿತಿ ಅಂತಲೇ ಒಂದಿದೆ. ಅರ್ಜಿ ಹಿಂದಿ ಅಥವಾ ಇಂಗ್ಲಿಷಿನಲ್ಲಿರಬೇಕು, ಕನ್ನಡದಲ್ಲಿ ಬರೆದರೆ ಜೊತೆಗೆ ಅನುವಾದ ಕೊಟ್ಟು ಸಹಿ ಹಾಕಬೇಕು, ಮತ್ತು ಒಬ್ಬ ಎಂಪಿ ಅದಕ್ಕೆ ಮೇಲುಸಹಿ ಹಾಕಿ ಸದನದಲ್ಲಿ ಮಂಡಿಸಬೇಕು. ಆ ಮೇಲುಸಹಿ ಸಿಗುವುದೇ ಕಷ್ಟ. ಎಂಪಿ ಒಪ್ಪದಿದ್ದರೂ ಬೇಜಾರಾಗಬೇಡಿ, ಯಾಕೆ ಒಪ್ಪಲ್ಲ ಅಂತ ಕೇಳಿಕೊಂಡು ಬನ್ನಿ, ಮುಂದಿನ ಪತ್ರಕ್ಕೆ ಅದೇ ವಿಷಯ.

ಇನ್ನೂ ಒಂದು. ಯಾವುದಾದರೂ ಕಂಪನಿಯೋ, ಕಂಪನಿ ಹಿಂದಿರುವ ಸಂಘವೋ ಬರೆದುಕೊಟ್ಟ ಪತ್ರಕ್ಕೆ ನಿಮ್ಮ ಹೆಸರು ಹಚ್ಚಿ ಕಳಿಸಬೇಡಿ. ನಿಮ್ಮ ಕೆಮ್ಮು ಕಡಿಮೆಯಾದ ಕಥೆ ನಿಮ್ಮ ಮಾತಿನಲ್ಲಿದ್ದರೆ ಅದಕ್ಕೊಂದು ಬೆಲೆ. ಮತ್ತು ಇದು ಪೂರ್ತಿ ನಿರುಪದ್ರವಿ ಅಂತ ಬರೆಯಬೇಡಿ. ಹಾಗೆ ಯಾವ ಡಾಕ್ಟರೂ ಹೇಳುವುದಿಲ್ಲ, ಇಂಗ್ಲೆಂಡಿನವರೂ ಸಿಗರೇಟಿಗಿಂತ ಕಡಿಮೆ ಹಾನಿ ಅನ್ನುತ್ತಾರೆಯೇ ಹೊರತು ಹಾನಿ ಇಲ್ಲ ಅನ್ನಲ್ಲ.

ಪ್ರಶ್ನೆ: ನಾನಿರುವುದು ಡೊಂಬಿವಲಿ, ವೇಪ್ ಮಾರುವ ಅಂಗಡಿಯೂ ಇಲ್ಲೇ, ವೋಟರ್ ಲಿಸ್ಟಿನಲ್ಲಿ ಹೆಸರಿರುವುದು ಉಡುಪಿಯಲ್ಲಿ. ಯಾವ ಎಂಪಿಗೆ ಬರೆಯಬೇಕು? ಮರಾಠಿ ಸರಿಯಾಗಿ ಬರಲ್ಲ, ಕನ್ನಡದಲ್ಲಿ ಬರೆದರೆ ನಡೆಯುತ್ತಾ?

ಉತ್ತರ: ಇಬ್ಬರಿಗೂ ಬರೆಯಿರಿ. ಅಂಗಡಿ ಇರುವುದು ಡೊಂಬಿವಲಿಯಲ್ಲಿ, ಅದು ಕಲ್ಯಾಣ್ ಲೋಕಸಭಾ ಕ್ಷೇತ್ರ, ಅಲ್ಲಿಯ ಎಂಪಿಗೆ ನೀವು ನಿವಾಸಿ ಅಂತ ಬರೆದರೆ ಸಾಕು. ಉಡುಪಿ-ಚಿಕ್ಕಮಗಳೂರು ಎಂಪಿಗೆ ಮತದಾರರಾಗಿ ಬರೆಯಿರಿ, ಕನ್ನಡದಲ್ಲೇ ಬರೆಯಿರಿ, ಕನ್ನಡ ಪತ್ರ ಅವರಿಗೆ ದಿನಾ ಬರುತ್ತದೆ. ಕರ್ನಾಟಕ ಈ ವಿಷಯದಲ್ಲಿ ದೇಶಕ್ಕಿಂತ ಮುಂದೆ ಇತ್ತು, 2016ರಲ್ಲೇ ಅಲ್ಲಿ ಇ-ಸಿಗರೇಟು ನಿಷೇಧಿಸಿದ್ದರು. ಅದನ್ನೊಂದು ಸಾಲಿನಲ್ಲಿ ನೆನಪಿಸಿದರೆ ತಪ್ಪೇನಿಲ್ಲ.

ಡೊಂಬಿವಲಿಯ ಪತ್ರ ಮರಾಠಿಯಲ್ಲಿರಲಿ. ನಿಮಗೆ ಬರದಿದ್ದರೆ ಪಕ್ಕದ ಮನೆಯ ಕಾಕು ಇಲ್ಲವಾ, ಬಿಲ್ಡಿಂಗಿನಲ್ಲಿ ಮರಾಠಿ ಮೀಡಿಯಮ್ಮಿನಲ್ಲಿ ಓದಿದ ಹುಡುಗಿ ಇಲ್ಲವಾ? ಅವರನ್ನು ಕೂರಿಸಿ ಬರೆಸಿಕೊಳ್ಳಿ, ಅವರ ಸಹಿಯನ್ನೂ ಹಾಕಿಸಿಕೊಳ್ಳಿ. ಕನ್ನಡದವರು ಮಾತ್ರ ಬರೆದದ್ದಕ್ಕಿಂತ ಇಡೀ ಬಿಲ್ಡಿಂಗು ಬರೆದದ್ದು ಜಾಸ್ತಿ ತೂಗುತ್ತದೆ. ಪತ್ರವನ್ನು ಕಚೇರಿಗೆ ಕೊಟ್ಟು, ನಿಮ್ಮ ಪ್ರತಿಯ ಮೇಲೆ ಇನ್‌ವರ್ಡ್ ಸ್ಟಾಂಪು ಹಾಕಿಸಿಕೊಳ್ಳದೆ ಅಲ್ಲಿಂದ ಏಳಬೇಡಿ. "ಸಾಹೇಬರಿಗೆ ಕೊಡ್ತೀನಿ, ನೀವು ಹೋಗಿ" ಅಂದರೆ ಸ್ಟಾಂಪ್ ಬೀಳುವವರೆಗೆ ಅಲ್ಲೇ ಕುರ್ಚಿಯಲ್ಲಿ ಕೂತು ಪೇಪರ್ ಓದಿ.

ಹಾಂ, ಎಮ್ಮೆಲ್ಲೆಯನ್ನು ಬಿಡಬೇಡಿ. ಪುಣೆಯ ತಮ್ಮನಿಗೆ ಬೇಡ ಅಂದಿದ್ದು ಕಾಯ್ದೆ ಬದಲಿಸುವ ಮಾತಿಗೆ. ಕಾಯ್ದೆ ಜಾರಿ ಮಾಡುವುದು ರಾಜ್ಯದ ಪೊಲೀಸರು, ಅವರ ಬಗ್ಗೆ ಸದನದಲ್ಲಿ ಕೇಳುವ ಹಕ್ಕು ಎಮ್ಮೆಲ್ಲೆಗಿದೆ. ಮಹಾರಾಷ್ಟ್ರದಲ್ಲಿ ಲಕ್ಷವೇಧಿ ಸೂಚನೆ, ಅಂದರೆ ಗಮನ ಸೆಳೆಯುವ ಸೂಚನೆ, ಅಂತ ಮಾಡುತ್ತಾರೆ, ಪೇಪರಿನಲ್ಲಿ ಓದಿರುತ್ತೀರಿ. ಗೃಹ ಮಂತ್ರಿ ಎದ್ದು ಉತ್ತರ ಕೊಡಲೇಬೇಕಾಗುತ್ತದೆ. ಡಿಸೆಂಬರಿನ ಅಧಿವೇಶನ ನಾಗಪುರದಲ್ಲಿ, ಉಳಿದವು ಇಲ್ಲೇ ನಾರಿಮನ್ ಪಾಯಿಂಟಿನಲ್ಲಿ. 2017ರ ಕೊನೆಗೆ ಕಮಲಾ ಮಿಲ್ಸ್‌ನಲ್ಲಿ ಬೆಂಕಿ ಬಿದ್ದು 14 ಜನ ಸತ್ತ ಮೇಲೆ ಹುಕ್ಕಾ ಪಾರ್ಲರ್ ನಿಲ್ಲಿಸುವ ಕಾನೂನು 2018ರಲ್ಲಿ ಬಂತಲ್ಲ, ಅದು ಇದೇ ಸದನ ಮಾಡಿದ್ದು. ಮನಸ್ಸು ಮಾಡಿದರೆ ಅವರಿಗೂ ಆಗುತ್ತದೆ.

ಪ್ರಶ್ನೆ: ನಮ್ಮ ಊರಿನವರ ವಾಟ್ಸ್‌ಆ್ಯಪ್ ಗ್ರೂಪಿನಲ್ಲಿ ಒಂದು ರೆಡಿಮೇಡ್ ಪತ್ರ ಬಂದಿದೆ. ಹೆಸರು ಹಾಕಿ ಎಲ್ಲ ಎಂಪಿಗಳಿಗೂ ಇಮೇಲ್ ಮಾಡಿ, ಹತ್ತು ಜನರಿಗೆ ಫಾರ್ವರ್ಡ್ ಮಾಡಿ ಅಂತ. ಮಾಡಬಹುದಾ?
ಅಂಧೇರಿ

ಉತ್ತರ: ಮಾಡಿದರೆ ನಷ್ಟವೇನಿಲ್ಲ, ಲಾಭವೂ ಇಲ್ಲ. ಒಂದೇ ಒಕ್ಕಣೆಯ ಐನೂರು ಇಮೇಲು ಬಂದರೆ ಎಂಪಿ ಕಚೇರಿಯ ಹುಡುಗ ಒಂದು ಓದಿ ಉಳಿದದ್ದನ್ನು ಒಟ್ಟಿಗೆ ಅಳಿಸುತ್ತಾನೆ. ನಿಮ್ಮ ಕ್ಷೇತ್ರದವರಲ್ಲದ ಎಂಪಿ ಓದುವುದೂ ಇಲ್ಲ. ಅದೇ ಗ್ರೂಪಿನಿಂದ ಐದು ಜನ, ತಮ್ಮ ತಮ್ಮ ಕೈಬರಹದಲ್ಲಿ, ತಮ್ಮ ತಮ್ಮ ರಸ್ತೆಯ ವಿಷಯ ಬರೆಯಲಿ. ಮತ್ತೆ ಆ ಫಾರ್ವರ್ಡಿನಲ್ಲಿ "ವೇಪ್‌ನಿಂದ ಇಷ್ಟು ಲಕ್ಷ ಜನ ಸತ್ತರು" ಅಂತ ಒಂದು ಸಾಲಿದೆ, ನನಗೂ ಬಂದಿತ್ತು. ಅದನ್ನು ತೆಗೆದುಹಾಕಿ. ಒಂದು ಸುಳ್ಳು ಸಿಕ್ಕಿದರೆ ಉಳಿದ ಹತ್ತು ನಿಜಕ್ಕೂ ಬೆಲೆ ಹೋಗುತ್ತದೆ.

ಪ್ರಶ್ನೆ: ನಾನು ಗದಗದವನು, ಗೋವಾದ ಕಲಂಗುಟ್ ಹತ್ತಿರದ ರೆಸ್ಟೋರೆಂಟಿನಲ್ಲಿ ವೇಟರ್. ಟೂರಿಸ್ಟುಗಳು ಟೇಬಲ್ಲಿನಲ್ಲೇ ವೇಪ್ ಸೇದುತ್ತಾರೆ. ಕೆಲವರು "ನೀನೇ ಒಂದು ತಂದುಕೊಡು, ಟಿಪ್ಸ್ ಕೊಡ್ತೀನಿ" ಅಂತಾರೆ. ಗೋವಾದಲ್ಲಿ ಕಾನೂನು ಬೇರೆ ಇದೆಯಾ? ಇಲ್ಲಿಯ ಎಮ್ಮೆಲ್ಲೆ ನಮ್ಮಂಥವರ ಮಾತು ಕೇಳುತ್ತಾರಾ?

ಉತ್ತರ: ಟಿಪ್ಸ್ ಆಸೆಗೆ ತಂದುಕೊಡಬೇಡಪ್ಪಾ. ಅದು ಹಂಚಿಕೆ, ಸಾಗಣೆ ಎರಡೂ ಆಗುತ್ತದೆ. ಸಿಕ್ಕಿಬಿದ್ದರೆ ಟೂರಿಸ್ಟು ವಿಮಾನ ಹತ್ತುತ್ತಾನೆ, ನೀನು ಕೋರ್ಟಿಗೆ ಅಲೆಯುತ್ತೀಯ. "ಸರ್, ಇಂಡಿಯಾದಲ್ಲಿ ಇದು ಬ್ಯಾನ್, ಇಲ್ಲಿ ಸಿಗಲ್ಲ" ಅಂತ ನಗುತ್ತಾ ಹೇಳಿ ಮುಂದಿನ ಆರ್ಡರ್ ತಗೋ. ಕಾಯ್ದೆ ಗೋವಾಕ್ಕೂ ಅದೇ, ವಿದೇಶಿಯರಿಗೂ ಅದೇ. ಸಾರ್ವಜನಿಕ ಜಾಗದಲ್ಲಿ ಹೊಗೆ, ಉಗುಳು ಬೇಡ ಅಂತ ಗೋವಾ 1997ರಲ್ಲೇ ತನ್ನದೇ ಕಾನೂನು ಮಾಡಿತ್ತು, ದೇಶದ ಕಾಯ್ದೆ ಬರುವ ಎಷ್ಟೋ ಮೊದಲೇ.

ಎಮ್ಮೆಲ್ಲೆ ವಿಷಯಕ್ಕೆ ಬಂದರೆ ಗೋವಾದಷ್ಟು ಸಲೀಸು ಇನ್ನೆಲ್ಲೂ ಇಲ್ಲ. 40 ಕ್ಷೇತ್ರ, ಒಂದೊಂದರಲ್ಲಿ ಸುಮಾರು ಮೂವತ್ತು ಸಾವಿರ ವೋಟು. ಕೆಲವು ನೂರು ವೋಟಿನಲ್ಲಿ ಸೋಲು ಗೆಲುವು ಆಗುವ ಕಡೆ ಯಾರ ಮಾತನ್ನೂ ತಳ್ಳಿಹಾಕುವುದಿಲ್ಲ, ಅದರಲ್ಲೂ ವಾಸ್ಕೊ, ಜುವಾರಿನಗರ ಕಡೆ ಕನ್ನಡದವರ ವೋಟು ಎಷ್ಟಿದೆ ಅಂತ ಅವರಿಗೆ ನಿನಗಿಂತ ಚೆನ್ನಾಗಿ ಗೊತ್ತು. ಬೆಳಿಗ್ಗೆ ಮನೆಯಲ್ಲೇ ಸಿಗುತ್ತಾರೆ. ಒಂದು ಎಲ್‌ಎಕ್ಯೂ ಹಾಕಿ, ಅಂದರೆ ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಿ, ಅಂತ ಕೇಳು, ಗೋವಾದವರಿಗೆಲ್ಲ ಆ ಮೂರಕ್ಷರ ಗೊತ್ತು: ಬೀಚ್ ಪಟ್ಟಿಯ ಠಾಣೆಗಳಲ್ಲಿ ಈ ಕಾಯ್ದೆಯಡಿ ಎಷ್ಟು ಕೇಸು ಹಾಕಿದ್ದೀರಿ ಅಂತ. ಒಬ್ಬನೇ ಹೋಗಬೇಡ. ಮಾಲೀಕ ಕೆಲಸದಿಂದ ತೆಗೆದಾನು ಅಂತ ಭಯವಿದ್ದರೆ ಊರಿನವರ ಸಂಘದ ಹೆಸರಿನಲ್ಲಿ ಹೋಗು, ನಿನ್ನ ಹೋಟೆಲಿನ ಹೆಸರು ಎತ್ತಬೇಡ.

ಪ್ರಶ್ನೆ: ಎಂಪಿಗೆ ಬರೆದಿದ್ದೆ. ಎರಡು ಸಾಲಿನ ಉತ್ತರ ಬಂತು: "ನಿಮ್ಮ ಪತ್ರವನ್ನು ಸೂಕ್ತ ಕ್ರಮಕ್ಕಾಗಿ ಸಂಬಂಧಪಟ್ಟ ಇಲಾಖೆಗೆ ಕಳಿಸಲಾಗಿದೆ." ಅಷ್ಟೇ. ಇನ್ನೇನು ಮಾಡಲಿ? ಕಸದ ಬುಟ್ಟಿಗೆ ಹಾಕಲಾ?
ಘಾಟ್‌ಕೋಪರ್

ಉತ್ತರ: ಅಯ್ಯೋ, ಹಾಕಬೇಡಿ. ಆ ಎರಡು ಸಾಲಿನ ಮೇಲ್ಗಡೆ ಒಂದು ನಂಬರು, ತಾರೀಕು ಇರುತ್ತದೆ. ನಿಮಗೆ ಬೇಕಾಗಿದ್ದು ಅದೇ. ಒಂದು ತಿಂಗಳು ಬಿಟ್ಟು ಆ ನಂಬರು ಹಾಕಿ ಮತ್ತೆ ಬರೆಯಿರಿ: ಯಾವ ಇಲಾಖೆಗೆ ಕಳಿಸಿದಿರಿ, ಅವರು ಏನು ಉತ್ತರ ಕೊಟ್ಟರು? ಎರಡನೇ ಪತ್ರಕ್ಕೆ ಬೇರೆಯೇ ಮರ್ಯಾದೆ ಸಿಗುತ್ತದೆ, ಯಾಕೆಂದರೆ ಎರಡನೇ ಸಲ ಬರೆಯುವವರು ಕಡಿಮೆ.

ಜೊತೆಗೆ ಪೊಲೀಸರಿಗೆ ಒಂದು ಆರ್‌ಟಿಐ ಹಾಕಿ. 10 ರೂಪಾಯಿ ಫೀ, 30 ದಿನದಲ್ಲಿ ಉತ್ತರ ಕೊಡಬೇಕು. ಮಹಾರಾಷ್ಟ್ರದಲ್ಲಿ ಅರ್ಜಿ 150 ಪದ ದಾಟಬಾರದು, ಒಂದೇ ವಿಷಯ ಇರಬೇಕು. ಎಷ್ಟೋ ಅರ್ಜಿ ಇದೊಂದೇ ಕಾರಣಕ್ಕೆ ವಾಪಸು ಬರುತ್ತವೆ. ಹೀಗೆ ಕೇಳಿ: ಕಳೆದ ಎರಡು ವರ್ಷದಲ್ಲಿ ನಿಮ್ಮ ಠಾಣೆಯಲ್ಲಿ 2019ರ ಇ-ಸಿಗರೇಟು ನಿಷೇಧ ಕಾಯ್ದೆಯಡಿ ದಾಖಲಾದ ಎಫ್‌ಐಆರ್ ಎಷ್ಟು, ಜಪ್ತಿಯಾದ ಮಾಲು ಎಷ್ಟು, ಕೋರ್ಟಿಗೆ ಹೋದ ಕೇಸು ಎಷ್ಟು? "ಯಾಕೆ ಕ್ರಮ ತಗೊಂಡಿಲ್ಲ" ಅಂತ ಕೇಳಬೇಡಿ, ಯಾಕೆ ಅನ್ನುವ ಪ್ರಶ್ನೆಗೆ ಆರ್‌ಟಿಐನಲ್ಲಿ ಉತ್ತರ ಬರುವುದಿಲ್ಲ. ಸೊನ್ನೆ ಅಂತ ಉತ್ತರ ಬಂದರೆ ಆ ಕಾಗದದ ಝೆರಾಕ್ಸ್ ತೆಗೆದು ಎಂಪಿಗೊಂದು, ಎಮ್ಮೆಲ್ಲೆಗೊಂದು ಕೊಡಿ, ವಿರೋಧ ಪಕ್ಷದ ಎಮ್ಮೆಲ್ಲೆಗೆ ಮೊದಲು ಕೊಡಿ. ನನಗೂ ಒಂದು ಪ್ರತಿ ಕಳಿಸಿ, ಅಂಕಣದಲ್ಲಿ ಹಾಕುತ್ತೇನೆ.